ದೋಣಿಯ ಮುಂದೆ ಕೂತು ಹುಮನಾಬಾದಿಗೆ

1940ರ ಬೇಸಿಗೆಯ ಮೊದಲ ದಿನಗಳು. ಬಸವಕಲ್ಯಾಣವನ್ನು ನಾವು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಬಾಡಿಗೆ ಬಂಡಿಯ ಮನೆಗೆ ನಾನು ಸೊಸೆ. ಬಂಡಿ ಹೊಡೆಯುವುದು ನಮ್ಮ ಮನೆಯವರ ಕೆಲಸ. ಹೇರಿದ ಸಾಮಾನಿಗೆ ಹಗ್ಗ ಬಿಗಿಯುವುದು ನನ್ನದು.

ಆ ವಾರ ಹುಮನಾಬಾದಿನ ತವರಿನಿಂದ ಸುದ್ದಿ ಬಂದಿತ್ತು: ಅವ್ವ ಹಾಸಿಗೆ ಹಿಡಿದಿದ್ದಾಳೆ, ಊಟ ಬಿಟ್ಟಿದ್ದಾಳೆ. ಅತ್ತೆಯನ್ನು ಕೇಳಿದರೆ, "ಜೋಳದ ರಾಶಿ ಮುಗೀಲಿ, ಹೋಗಿಯಂತ" ಎಂದರು. ಬಸವಣ್ಣನ ಮುಂದೆ ದೀಪ ಹಚ್ಚಿ, ಅವ್ವನಿಗಾಗಿ ಬೇಡಿಕೊಂಡೆ.

ಅಷ್ಟರಲ್ಲಿ ನಮ್ಮೂರಲ್ಲಿದ್ದ ನೀರಾವರಿ ಇಲಾಖೆಯ ಸಾಹೇಬರಿಗೆ ವರ್ಗವಾಯಿತು. ಊರ ಕೆರೆಯಲ್ಲಿ ಅವರದೊಂದು ಸಣ್ಣ ಹಾಯಿದೋಣಿ ಇತ್ತು. ಅದು ಹುಮನಾಬಾದಿನವರೆಗೆ ನಮ್ಮ ಬಂಡಿಯಲ್ಲಿ, ಮುಂದೆ ಲಾರಿಯಲ್ಲಿ ಹೋಗಬೇಕು. ಹೊರಡುವ ದಿನ ನಸುಕಿನಲ್ಲೇ ಅತ್ತೆಯೂ ನೋಡಲು ಕೆರೆ ದಂಡೆಗೆ ಬಂದರು. ಸಾಹೇಬರ ಆಳುಗಳು ಹಾಯಿ ಸುತ್ತಿ, ಕಂಬ ಕಳಚಿ, ಒಳಗಿನ ನೀರು ಚೆಲ್ಲಿದರು. ನಾನು ಬಂಡಿಗೆ ಹುಲ್ಲು ಹಾಕಿ, ಮೇಲೆ ಕೌದಿ ಹಾಸಿದೆ. ದೋಣಿಯ ಮೂತಿ ಎತ್ತುಗಳ ಬೆನ್ನಿಗೆ ತಾಗೀತೆಂದು ನಮ್ಮ ಮನೆಯವರು ಅದನ್ನು ಹಿಂದಕ್ಕೆ ಸರಿಸಿ ಇಡಿಸಿದರು. ನಾನು ಹಗ್ಗ ಬಿಗಿದೆ.

ಎತ್ತು ಹೂಡಿದ್ದೇ ತಡ, ಬಂಡಿ ಹಿಂದಕ್ಕೆ ವಾಲಿತು. ನೊಗ ಮೇಲೆದ್ದು, ಕೊರಳ ಹಗ್ಗ ಎತ್ತುಗಳ ಗಂಟಲು ಒತ್ತತೊಡಗಿತು.

"ಮುಂದ ಒಂದು ಕಲ್ಲ ಇಡ್ರಿ" ಎಂದರು ಸಾಹೇಬರು.

"ಕಲ್ಲ ಉರುಳಿದ್ರ ದೋಣಿ ಒಡೀತದರಿ. ಹಿಡಕೊಂಡು ಕೂಡೋ ಭಾರ ಬೇಕ್ರಿ" ಎಂದರು ನಮ್ಮ ಮನೆಯವರು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ಸೊಸಿ ಅದಾಳಲ್ಲ. ಇಷ್ಟ ವರ್ಷ ನಮ್ಮನಿ ರೊಟ್ಟಿ ತಿಂದಾಳ, ಇವತ್ತಾದ್ರೂ ಕೆಲಸಕ್ಕ ಬರಲಿ."

ನೆರೆದವರು ನಕ್ಕರು. ನಾನು ಹತ್ತಿ ಮುಂದೆ ಕುಳಿತೆ. ನೊಗ ಮೆಲ್ಲಗೆ ಇಳಿಯಿತು.

"ರಾಶಿ ಹ್ಯಾಂಗ್ರಿ ಅತ್ತಿ?"

"ನಾ ಸತ್ತೀನೇನ? ಅವ್ವನ್ನ ನೋಡಿ ಬಾ" ಎಂದು ಅತ್ತೆ ಸೆರಗಿನೊಳಗಿನಿಂದ ಒಂದು ಗಂಟು ತೆಗೆದು ನನ್ನ ಮಡಿಲಿಗಿಟ್ಟರು. ಅವ್ವನಿಗೆಂದು ಹೆಸರುಬೇಳೆ, ಬೆಲ್ಲ. ಕೆರೆ ದಂಡೆಯಲ್ಲಿ ಬೇಳೆ ಸಿಗುವುದಿಲ್ಲ. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು.

ಸ್ವಲ್ಪ ದಾರಿ ಸಾಗುವಷ್ಟರಲ್ಲಿ ಹುಲ್ಲು ಕುಸಿದು ಹಗ್ಗ ಸಡಿಲಾಯಿತು. ಬಂಡಿ ನಿಲ್ಲಿಸಿ ಮತ್ತೆ ಬಿಗಿದೆ. ಹೊತ್ತು ಮುಳುಗುವಾಗ ಹುಮನಾಬಾದು ಮುಟ್ಟಿದೆವು. ದೋಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ತವರಿಗೆ ಹೋಗಿ ಕೂಗಿದಾಗ ಅವ್ವ ಕಣ್ಣು ತೆರೆದಳು. "ಹ್ಯಾಂಗ ಬಂದಿ?"

"ದೋಣಿ ಜೋಡಿ ಬಂದೆ."

"ಸುಳ್ಳಿ. ನಮ್ಮೂರಿಗಿ ಹೊಳಿ ಎಲ್ಲಿ ಅದ?" ಎಂದು ನಕ್ಕಳು. ನಗುತ್ತಲೇ ಗಂಜಿ ಕೇಳಿದಳು. ಅತ್ತೆ ಕೊಟ್ಟ ಬೇಳೆಯನ್ನೇ ಬೇಯಿಸಿ ಕುಡಿಸಿದೆ.

ಹೊರಡುವ ಮೊದಲು ಎತ್ತಿನ ಕೊರಳು ನೋಡಬೇಕು, ಸ್ವಲ್ಪ ಹೋದಮೇಲೆ ಹಗ್ಗ ನೋಡಬೇಕು. ಬಂಡಿಯ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅವ್ವ ಅಂದು ಕುಡಿದ ಗಂಜಿ ಮಾತ್ರ ದೇವರು ಕೊಟ್ಟದ್ದು, ಅತ್ತೆಯ ಕೈಯಿಂದ.