ದೇವರ ತಲೆಯ ಮೇಲೆ ಎರಡು ಬಣ್ಣದ ಶೂ

ಹಿಮ ಕರಗಿ ಗರಾಜಿನ ಬಾಗಿಲು ತೆರೆದಿಡುವ ಕಾಲ ಬಂತೆಂದರೆ ನಮ್ಮ ಸ್ಟೌಫ್‌ವಿಲ್ ಮನೆಯಲ್ಲಿ ಒಂದು ಜೊತೆ ಶೂಗಳ ವಿಚಾರಣೆ ಶುರುವಾಗುತ್ತದೆ. ಈ ವರ್ಷವೂ ಆಯಿತು. ನನ್ನ ಹೆಂಡತಿ ಸುಮ ಶೂ ಸ್ಟ್ಯಾಂಡಿನ ಹಿಂದಿನಿಂದ ಹಳೆಯ ರಟ್ಟಿನ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಪಾಲಿಶ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ರೀ, ಈ ಸಲನಾದ್ರೂ ಇದನ್ನ ಡೊನೇಷನ್‌ಗೆ ಹಾಕ್ಲಾ?"

"ಇರ್ಲಿ ಬಿಡು."

"ಹೊರಗೆ ಹಾಕ್ಕೊಳಲ್ಲ, ಒಳಗೆ ಹಾಕ್ಕೊಳೋ ಹಾಗಿಲ್ಲ. ಯಾವ ಭಾಗ್ಯಕ್ಕೆ ಇಟ್ಕೊಂಡಿದೀರಿ?"

ಅವಳ ಪ್ರಶ್ನೆ ನ್ಯಾಯವಾದದ್ದೇ. ಕಪ್ಪು-ಬಿಳುಪು, ಎರಡು ಬಣ್ಣದ ಶೂ. ತಳಕ್ಕೆ ನುಣ್ಣನೆಯ ಚರ್ಮ. ಮರದ ನೆಲದ ಮೇಲೆ ಕುಣಿಯಲೆಂದೇ ಹೊಲಿದದ್ದು. ರಸ್ತೆಗೆ ಹಾಕಿಕೊಂಡು ಹೋದರೆ ಇಲ್ಲಿ ಹಿಮ ಕರಗಿಸಲು ಚೆಲ್ಲುವ ಉಪ್ಪು, ಕೆಸರು ಒಂದೇ ವಾರದಲ್ಲಿ ತಿಂದುಹಾಕುತ್ತವೆ. ಮನೆಯೊಳಗೆ ಹಾಕಿಕೊಳ್ಳೋಣವೆಂದರೆ ಹೊಸಿಲು ದಾಟಿದ ಶೂವನ್ನು ಸುಮ ಕ್ಷಮಿಸಿದ ಉದಾಹರಣೆ ಇಲ್ಲ. ಸಾಲದ್ದಕ್ಕೆ ನನ್ನ ಕಾಲಿಗಿಂತ ಎರಡು ಸೈಜು ದೊಡ್ಡದು. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಎನ್ನುತ್ತಾರಲ್ಲ, ಅದು ನಮ್ಮ ಮನೆಯಲ್ಲಿ ಡಬ್ಬಿಯೊಳಗೆ ಕೂತಿದೆ.

ಇಪ್ಪತ್ತು ವರ್ಷದ ಹಿಂದೆ, ನಾವು ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸತರಲ್ಲಿ, ಒಶಾವಾ ಊರಿನ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಮೇಲೆ ಮನೆಯ ಯಜಮಾನ ರಾನ್ ಒಬ್ಬರೇ ಇದ್ದರು. ಎಂಬತ್ತು ದಾಟಿದ ಮನುಷ್ಯ. ಹರೆಯದಲ್ಲಿ ಹಗಲು ಕಾರ್ ಫ್ಯಾಕ್ಟರಿಯ ಕೆಲಸ, ಸಂಜೆ ಡ್ಯಾನ್ಸ್ ಹಾಲುಗಳಲ್ಲಿ ಟ್ರಾಂಬೋನ್ ಊದುವ ಕೆಲಸ. ನಾನು ನೋಡುವ ಹೊತ್ತಿಗೆ ಊದುವ ಶ್ವಾಸ ಉಳಿದಿರಲಿಲ್ಲ. ಬಿಗ್ ಬ್ಯಾಂಡ್ ರೆಕಾರ್ಡುಗಳು ಮಾತ್ರ ಉಳಿದಿದ್ದವು, ನನ್ನ ಗ್ರಹಚಾರಕ್ಕೆ.

ಬಿಗ್ ಬ್ಯಾಂಡ್ ಎಂದರೆ ನಿಮಗೆ ಗೊತ್ತಿರಬಹುದು. ಹದಿನೈದು ಹದಿನಾರು ಜನ ಕೋಟು ಹಾಕಿ ಸಾಲಾಗಿ ಕೂತು ಒಟ್ಟಿಗೆ ಊದುತ್ತಾರೆ. ಕ್ಲಾರಿನೆಟ್ ಒಂದೇ ಮೆಲ್ಲಗೆ ಏನೋ ಹೇಳಲು ಹೊರಡುತ್ತದೆ. ಅಷ್ಟರಲ್ಲಿ ಟ್ರಂಪೆಟ್ಟುಗಳೆಲ್ಲ ಎದ್ದು ಅದರ ಬಾಯಿ ಮುಚ್ಚಿಸುತ್ತವೆ. ನನಗೆ ಗೊತ್ತಿದ್ದ ಊದುವ ಸಂಗೀತ ಎರಡೇ: ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು, ಮತ್ತು ಹಳೆಯ ಸಿನಿಮಾದಲ್ಲಿ ಖಳನಾಯಕ ಕ್ಲಬ್ಬಿನಲ್ಲಿ ಗ್ಲಾಸು ಹಿಡಿದು ಕೂತಾಗ ಹಿಂದೆ ಕೇಳುವುದು. ರಾನ್ ಹಾಕುತ್ತಿದ್ದದ್ದು ಇವೆರಡೂ ಜಗಳಕ್ಕೆ ಬಿದ್ದ ಹಾಗೆ ಕೇಳಿಸುತ್ತಿತ್ತು.

ಅದೂ ಯಾವಾಗ? ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಆಗ ನಾನು ಇಂಜಿನಿಯರಿಂಗ್ ಸರ್ಟಿಫಿಕೇಟನ್ನು ಸೂಟ್‌ಕೇಸಿನಲ್ಲಿಟ್ಟು ವೇರ್‌ಹೌಸಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೆ. ಇಡೀ ವಾರದಲ್ಲಿ ನನ್ನದೆಂದು ಇದ್ದದ್ದು ಶನಿವಾರ ಅನ್ನ ಸಾರು ಉಂಡಮೇಲಿನ ಆ ಎರಡು ಗಂಟೆಯ ನಿದ್ದೆ. ಕಣ್ಣು ಹತ್ತುವಷ್ಟರಲ್ಲಿ ಮೇಲೆ ಟ್ರಂಪೆಟ್ಟು, ಅದರ ಜೊತೆಗೆ ಟಕ್, ಟಕ್, ಟಕಟಕ್ ಎಂದು ಶೂ ಸದ್ದು. ಒಂದು ದಿನ ರೋಸಿಹೋಗಿ ಪೊರಕೆಯ ಹಿಡಿಯಿಂದ ಸೂರಿಗೆ ಗುದ್ದಿದೆ. ಮರುದಿನ ರಾನ್ ಮುಖ ಅರಳಿಸಿಕೊಂಡು ಬಂದರು. "ನಿನಗೂ ಸ್ವಿಂಗ್ ಸಂಗೀತ ಇಷ್ಟವೇ? ನಿನ್ನೆ ಕೆಳಗಿನಿಂದ ಸರಿಯಾಗಿ ತಾಳ ಹಾಕಿದೆಯಲ್ಲ" ಎಂದರು. ಮುಂದಿನ ಶನಿವಾರ ನನಗೂ ಕೇಳಲೆಂದು ವಾಲ್ಯೂಮ್ ಜಾಸ್ತಿ ಮಾಡಿದರು. ಇಂಥವರ ಜೊತೆ ಏನು ಏಗುವುದು ಹೇಳಿ.

ಈ ಊರಿನವರೂ ಬಾಗಿಲಲ್ಲೇ ಶೂ ಬಿಡುವವರು. ರಾನ್ ಕೂಡ ಬೂಟು ಕಳಚಿಯೇ ಒಳಗೆ ಹೋಗುತ್ತಿದ್ದರು. ಒಳಗೆ ಹೋದಮೇಲೆ ಬೇರೆ ಶೂ ಹಾಕಿಕೊಳ್ಳುವ ಮನುಷ್ಯನನ್ನು ನಾನು ಅಲ್ಲಿಯೇ ಕಂಡದ್ದು. ಅವರು ಕುಣಿಯುತ್ತಿದ್ದ ಜಾಗದ ನೇರ ಕೆಳಗೆ ನಮ್ಮ ದೇವರ ಶೆಲ್ಫ್ ಇತ್ತು. ಸುಮ ಅದನ್ನು ತಿಳಿದು ಮುಖ ಸಿಂಡರಿಸಿದ್ದು ನಿಜ. ಆದರೆ ಅವಳು ಹೇಳಿದ್ದು ಇಷ್ಟೇ: "ಶೆಲ್ಫ್‌ನೇ ಆ ಬಟ್ಟೆ ಕ್ಲಾಸೆಟ್ ಪಕ್ಕಕ್ಕೆ ಇಟ್ರಾಯ್ತು ಬಿಡಿ. ಐದು ನಿಮಿಷದ ಕೆಲ್ಸ."

ನಾನು ಇಡಲಿಲ್ಲ. ಮೇಲೆ ಹೋಗಿ, ಕೈಮುಗಿದು, ಬಹಳ ಗಂಭೀರವಾಗಿ ರಾನ್‌ಗೆ ಹೇಳಿದೆ. ನೀವು ಕುಣಿಯುವ ಜಾಗದ ಕೆಳಗೆ ನಮ್ಮ ದೇವರಿದ್ದಾರೆ, ಅವರ ತಲೆಯ ಮೇಲೆ ಶೂ ಕಾಲು ಆಡಬಾರದು, ನಮ್ಮ ಸಂಪ್ರದಾಯದಲ್ಲಿ ಅದು ದೊಡ್ಡ ಅಪಚಾರ ಎಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ದೇವರು ಎಂದೂ ದೂರು ಹೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ನಿದ್ದೆ.

ರಾನ್ ಮುಖ ಬಿಳಚಿಕೊಂಡಿತು. "ಅಯ್ಯೋ, ಸಾರಿ, ನನಗೆ ಗೊತ್ತೇ ಇರಲಿಲ್ಲ" ಎಂದರು. ಆ ಶನಿವಾರದಿಂದ ಸಾಕ್ಸಿನಲ್ಲೇ ಕುಣಿದರು. ನನ್ನ ಪುಣ್ಯಕ್ಕೆ ವಾಲ್ಯೂಮೂ ಇಳಿಯಿತು. ಎರಡು ಶನಿವಾರ ಗೊರಕೆ ಹೊಡೆದೆ. ಮೂರನೆಯ ಶನಿವಾರ ಮೇಲೆ ಧೊಪ್ಪೆಂದು ಸದ್ದಾಯಿತು. ಪಾಲಿಶ್ ಹಾಕಿದ ಮರದ ನೆಲ, ಉಲನ್ ಸಾಕ್ಸು, ಎಂಬತ್ತು ದಾಟಿದ ಕಾಲು. ಅದನ್ನು ಊಹಿಸಲು ಇಂಜಿನಿಯರಿಂಗ್ ಓದಬೇಕಿರಲಿಲ್ಲ.

ಕಣಕಾಲು ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ಕಂಡ ಕೂಡಲೇ ಅವರು ಕೇಳಿದ್ದು, "ಬೀಳುವಾಗ ತುಂಬಾ ಸದ್ದಾಯಿತು, ನಿಮ್ಮ ದೇವರಿಗೆ ಏನೂ ಆಗಲಿಲ್ಲ ತಾನೆ? ಸಾರಿ." ಈ ದೇಶದವರ ಈ ಸಾರಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿಯುವುದಿಲ್ಲ. ಆ ದಿನ ನನ್ನ ಮುಖಕ್ಕೆ ಉಗಿದಿದ್ದರೆ ನಾನು ಇಷ್ಟು ವರ್ಷ ಹಾಯಾಗಿರುತ್ತಿದ್ದೆ.

ಮರುದಿನ ಭಾನುವಾರ ತಾವು ಎಲ್ಲಿಗೆ ಹೋಗಬೇಕಿತ್ತು ಎಂಬುದನ್ನು ರಾನ್ ಆಗಲೇ ಮೊದಲು ಹೇಳಿದ್ದು. ಅವರ ಹೆಂಡತಿ ಡೊರೊತಿ ಮರೆವಿನ ಕಾಯಿಲೆಯಿಂದ ಹತ್ತಿರದ ಒಂದು ಆರೈಕೆ ಮನೆಯಲ್ಲಿದ್ದರು. ಭಾನುವಾರ ಅಲ್ಲಿ ಹಳೆಯ ರೆಕಾರ್ಡು ಹಾಕುತ್ತಾರೆ, ಇವರಿಬ್ಬರೂ ಕುಣಿಯುತ್ತಾರೆ. "ಅವಳಿಗೆ ನನ್ನ ಹೆಸರು ಮರೆತಿದೆ. ಹೆಜ್ಜೆ ಮರೆತಿಲ್ಲ. ನಾನು ತಪ್ಪಿದರೆ ಕೈ ಬಿಡುತ್ತಾಳೆ. ಅದಕ್ಕೇ ಶನಿವಾರ ಪ್ರಾಕ್ಟೀಸು" ಎಂದರು.

ಮೂರು ವಾರ ಕಳೆದು ಗಾಲಿಕುರ್ಚಿಯಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ದೆ. ಹಿಮ ಒಳಗೆ ಬರಬಾರದೆಂದು ನನ್ನ ಬೂಟು ಬಾಗಿಲಲ್ಲೇ ಬಿಟ್ಟೆ. ರೆಕಾರ್ಡು ಶುರುವಾಗುತ್ತಲೇ ಮೂಲೆಯಲ್ಲಿದ್ದ ತೆಳ್ಳನೆಯ ಮುದುಕಿ ಎದ್ದು ನಿಂತು ಎರಡೂ ಕೈ ಚಾಚಿದರು. ರಾನ್‌ಗೆ ಏಳಲಾಗದು. "ನೀನು ಹೋಗು, ಎಡಗಾಲು ಮೊದಲು" ಎಂದರು. ಹೋದೆ. ಆ ಕೈಗಳು ತಣ್ಣಗಿದ್ದವು. ಎರಡು ಹೆಜ್ಜೆಯಲ್ಲಿ ಮೂರು ತಪ್ಪು ಮಾಡಿದೆ. ಡೊರೊತಿ ಬಗ್ಗಿ ನನ್ನ ಸಾಕ್ಸು ಕಾಲುಗಳನ್ನು ನೋಡಿ, ಕೈ ಬಿಡಿಸಿಕೊಂಡು, ಹೋಗಿ ಕುರ್ಚಿಯಲ್ಲಿ ಕೂತರು. ರಾನ್ ಕಾಲಿನ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಡೊರೊತಿ ಯಾವ ಹಾಡಿಗೂ ಏಳುತ್ತಿರಲಿಲ್ಲ.

ರಾನ್ ಮನೆ ಮಾರಿ ಡೊರೊತಿ ಇದ್ದಲ್ಲಿಗೇ ಹೊರಟಾಗ ಈ ಡಬ್ಬಿ ನನ್ನ ಕೈಗಿಟ್ಟರು. "ತಾಳ ನಿನಗೆ ಗೊತ್ತಿದೆ, ಹೆಜ್ಜೆ ಕಲಿತುಕೋ" ಎಂದರು. ದೇವರ ಮಾತು ಸುಳ್ಳೆಂದು ಆಗಲಾದರೂ ಹೇಳಬಹುದಿತ್ತು. ಥ್ಯಾಂಕ್ಯೂ ಎಂದೆ.

"ಹೇಳಿ, ಹಾಕ್ಲಾ?" ಸುಮ ಇನ್ನೂ ಡಬ್ಬಿ ಹಿಡಿದು ನಿಂತಿದ್ದಳು. ನಾನು ಅದನ್ನು ಕಿತ್ತುಕೊಂಡು ಒಳಗೆ ಬಂದು, ಶೂಗಳ ಮೂತಿಗೆ ಪೇಪರ್ ತುರುಕಿ, ಹಾಲಿನ ನಡುವೆಯೇ ಕೂತು ಹಾಕಿಕೊಂಡೆ. ಫೋನಿನಲ್ಲಿ ಹುಡುಕಿದರೆ ಆ ಹಾಳು ಟ್ರಂಪೆಟ್ಟುಗಳು ಈಗ ಬೇಕಾದಷ್ಟು ಸಿಗುತ್ತವೆ. ಒಂದನ್ನು ಹಚ್ಚಿದೆ. ಬೈಗುಳಕ್ಕೆ ಕಾದೆ.

ಸುಮ ದೇವರ ಮನೆಯ ಕಡೆ ನೋಡಿದಳು. "ಬಾಗಿಲು ಹಾಕ್ಲಾ?"

"ಬೇಡ, ದೇವರು ನೋಡ್ಲಿ. ಅವತ್ತು ಅವರ ಹೆಸರಲ್ಲಿ ನಿದ್ದೆ ಕೇಳಿದ್ದು ನಾನು."

"ಅವರಿಗೆ ಗೊತ್ತಿಲ್ವಾ? ಶೆಲ್ಫ್ ಪಕ್ಕಕ್ಕಿಡೀಂತ ಹೇಳಿದ್ದೋಳು ನಾನು, ನನಗೆ ಗೊತ್ತಿಲ್ವಾ?" ಎಂದಳು. ಆಮೇಲೆ, ಇಪ್ಪತ್ತು ವರ್ಷ ಒಂದು ಚಪ್ಪಲಿಯನ್ನೂ ಒಳಗೆ ಬಿಡದವಳು, ಬರಿಗಾಲಲ್ಲಿ ಎದುರು ಬಂದು ನಿಂತು ಎರಡೂ ಕೈ ಚಾಚಿದಳು.

ಎಡಗಾಲು ಮೊದಲು ಇಟ್ಟೆ. ಟಕ್ ಎಂದಿತು. ಕೆಳಗೆ ನಮ್ಮ ಬೇಸ್‌ಮೆಂಟು ಖಾಲಿ. ಯಾರಾದರೂ ಇದ್ದು ಪೊರಕೆ ಹಿಡಿಯಿಂದ ಸೂರಿಗೆ ಗುದ್ದಬಾರದೇ ಅನಿಸಿತು.