ದೀಪ ಹಚ್ಚುವ ಹೊತ್ತಿನ ನಿರ್ಣಯ

ನಮ್ಮ ದೊಡ್ಡಪ್ಪನ ಜಗುಲಿಯಲ್ಲಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಬೆನ್ನಿನ ಮೇಲೆ ಬಿಳಿ ಪೇಂಟಿನಲ್ಲಿ ಶಾಮಿಯಾನ ಅಂಗಡಿಯ ಗುರುತು ಇದೆ. ಯಾರೋ ಸೀಮೆಎಣ್ಣೆ ಹಾಕಿ ಉಜ್ಜಿದ್ದಾರೆ, ಪೂರ್ತಿ ಹೋಗಿಲ್ಲ. ಒಂದು ಧರಣಿಗೆಂದು ಬಾಡಿಗೆಗೆ ತಂದ ಕುರ್ಚಿಗಳು ಅವು. ಧರಣಿ ಮುಗಿದರೂ ಹಿಂದಕ್ಕೆ ಹೋಗಲಿಲ್ಲ. ಅಂಗಡಿಯವನು ಕೇಳಿ ಕೇಳಿ ಸಾಕಾದ ಮೇಲೆ ದೊಡ್ಡಪ್ಪನೇ ಅವನ್ನು ಕೊಂಡುಕೊಂಡರು. ದೊಡ್ಡಪ್ಪನೂ ಅಪ್ಪನೂ ನಡೆಸುವ ವೇದಿಕೆ ಎಂಬ ಸಂಘಟನೆ ಹುಟ್ಟಿದ್ದು ಆ ಕುರ್ಚಿಗಳಲ್ಲಿ ಎಂದು ನಾನು ಹೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ.

ನಮ್ಮೂರು ಮಾಲೂರಿಗೂ ಮಾಸ್ತಿಗೂ ನಡುವೆ ಇದೆ. ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದರೆ ಊರು. ಆ ಏರಿಯ ತುದಿಗೆ ಒಂದು ಬ್ರಾಂದಿ ಅಂಗಡಿ ಬಂತು. ಕುಡಿದವರು ಏರಿಯ ಕಲ್ಲುಗಳ ಮೇಲೆ ಕೂತಿರುತ್ತಿದ್ದರು. ಆಗ ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ದಿನಾ ಮಾಲೂರಿನಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಏರಿ ದಾಟುವಾಗ ಬ್ಯಾಗನ್ನು ಎದೆಗೆ ಅವುಚಿಕೊಂಡು, ನೀರಿನ ಕಡೆಗೇ ನೋಡುತ್ತಾ ನಡೆಯುತ್ತಿದ್ದೆ. ನಾನು ಮನೆಯಲ್ಲಿ ಏನೂ ಹೇಳಲಿಲ್ಲ. ಬೇರೆ ಹುಡುಗಿಯರು ಹೇಳಿದರು. ದೊಡ್ಡಮ್ಮನ ಕಿವಿಗೆ ಬಿತ್ತು.

ದೊಡ್ಡಮ್ಮ ಮುಳಬಾಗಿಲಿನ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ಒಂದು ಬೆಳಿಗ್ಗೆ ತಟ್ಟೆಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಇಟ್ಟುಕೊಂಡು ಹೊರಟರು. ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತು, ಆ ಮನೆಯ ಹೆಂಗಸಿಗೆ ಕುಂಕುಮ ಇಟ್ಟು, ಮದುವೆಗೆ ಕರೆಯುವ ಹಾಗೆಯೇ ಕರೆದರು: "ನಾಳೆ ಬ್ರಾಂದಿ ಅಂಗಡಿ ಮುಂದೆ ಕೂತ್ಕೊಳೋಣ, ಬಂದ್ಬಿಡಮ್ಮ. ಅವರೆಕಾಯಿ ಇದ್ರೆ ತಗೊಂಡೇ ಬಾ, ಬಿಡಿಸ್ಕೊಂಡು ಕೂತಿರೋಣ."

ಕುಂಕುಮ ಇಟ್ಟು ಕರೆದ ಮೇಲೆ ಹೋಗದೆ ಇರುವುದು ನಮ್ಮಲ್ಲಿ ಇಲ್ಲ. ಊರಿನ ಹೆಂಗಸರೆಲ್ಲ ಬಂದರು. ಅಂಗಡಿಯ ಮುಂದೆ ಚಾಪೆ ಹಾಸಿ ಅವರೆಕಾಯಿ ಬಿಡಿಸುತ್ತಾ ಕೂತರು. ಕುಡಿಯಲು ಬಂದ ಗಂಡಸರು ದೂರದಿಂದಲೇ ಸ್ವಂತ ಅತ್ತೆಯನ್ನೋ ಅತ್ತಿಗೆಯನ್ನೋ ಕಂಡು ಗಾಡಿ ತಿರುಗಿಸುತ್ತಿದ್ದರು. ಒಬ್ಬ ತಿರುಗಿಸುವಷ್ಟರಲ್ಲಿ ಸಿಕ್ಕಿಬಿದ್ದ.

"ಏನಪ್ಪಾ ಅಳಿಯಾ, ಬಾ ಬಾ, ನಿನಗೇ ಕಾಯ್ತಿದ್ವಿ!"

"ಇಲ್ಲತ್ತೆ, ಕೆರೇಲಿ ನೀರೆಷ್ಟಿದೆ ಅಂತ ನೋಡಕ್ಕೆ ಬಂದೆ."

"ನೋಡ್ಕೋ ನೋಡ್ಕೋ. ನೋಡಿ ಒಂದಿಷ್ಟು ಕುಡ್ಕೊಂಡೂ ಹೋಗು."

ಗಂಡಸರು ಶಾಮಿಯಾನ ಹಾಕಿಸಿ ಕುರ್ಚಿ ತರಿಸಿದ್ದು ಆಮೇಲೆ, ಅಧಿಕಾರಿಗಳು ಬರುತ್ತಾರೆಂದು ಗೊತ್ತಾದ ದಿನ. ಫೋಟೋದಲ್ಲಿ ಕುರ್ಚಿಗಳೇ ಮುಂದೆ ಇವೆ, ಚಾಪೆ ಹಿಂದಿದೆ. ಸ್ವಲ್ಪ ದಿನಕ್ಕೆ ಅಂಗಡಿಯನ್ನು ಹೆದ್ದಾರಿಯ ಕಡೆಗೆ ಸಾಗಿಸಿದರು. ಹೆಂಗಸರು ಚಾಪೆ ಕೊಡವಿಕೊಂಡು ಮನೆಗೆ ಹೋದರು. ಗಂಡಸರಿಗೆ ಗೆದ್ದ ಮೇಲೆ ಮನೆಗೆ ಹೋಗುವ ಮನಸ್ಸಾಗಲಿಲ್ಲ.

ವೇದಿಕೆಗೆ ಹೆಸರು ಬಂತು, ಮೊಹರು ಬಂತು. ದೊಡ್ಡಪ್ಪ ಅಧ್ಯಕ್ಷರು, ಅಪ್ಪ ಕಾರ್ಯದರ್ಶಿ. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಯಾವುದನ್ನು ವಹಿಸಿಕೊಂಡರೂ ಅಚ್ಚುಕಟ್ಟಾಗಿ ಮಾಡುವವರು. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರದ ಕಡೆಯಿಂದಲೂ ಜನ ಬಂದು ಸೇರಿಕೊಂಡರು. ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ, ಎಲ್ಲ ಪಕ್ಷದವರೂ ನಮ್ಮ ಮಾತು ಕೇಳಬೇಕು ಎನ್ನುವುದು ದೊಡ್ಡಪ್ಪನ ನಿಲುವಾಗಿತ್ತು. ಮೊದಲಿಗೆ ಅವರು ಕೇಳಿದ್ದು ಶಾಲೆ, ದೇವಸ್ಥಾನದ ಹತ್ತಿರ ಹೆಂಡದಂಗಡಿ ಬೇಡ, ಜಾತ್ರೆಯಲ್ಲಿ ಡಿಜೆ ಬೇಡ, ಮಕ್ಕಳಿಗೆ ಹಿರಿಯರನ್ನು ಮಾತಾಡಿಸುವುದನ್ನು ಕಲಿಸಿ ಎಂದು. ಇದರಲ್ಲಿ ನನಗೆ ಒಪ್ಪಿಗೆಯಾಗದ್ದು ಹೆಚ್ಚೇನೂ ಇರಲಿಲ್ಲ. ಏರಿಯ ಮೇಲೆ ನಾನು ನೆಟ್ಟಗೆ ನೋಡಿಕೊಂಡು ನಡೆಯುವಂತಾದದ್ದು ಇವರಿಂದಲೇ ಎಂಬುದನ್ನು ಮರೆತು ಬರೆಯುವುದು ಸುಳ್ಳಾಗುತ್ತದೆ.

ಶ್ರೀನಿವಾಸಪುರದ ಕಡೆಯ ಪದಾಧಿಕಾರಿಯೊಬ್ಬರ ಮಗಳು ರೈಲಿನಲ್ಲಿ ಪರಿಚಯವಾದ ಹುಡುಗನನ್ನು ರಿಜಿಸ್ಟರ್ ಮದುವೆಯಾದ ಮೇಲೆ ಮಾತು ಬೇರೆ ಕಡೆಗೆ ಹೊರಳಿತು. ತಂದೆಗೆ ವಿಷಯ ಗೊತ್ತಾದದ್ದು ಮೊಬೈಲಿಗೆ ಬಂದ ಫೋಟೋದಿಂದ. ಅವರು ಬಂದು ಆ ಕೆಂಪು ಕುರ್ಚಿಯಲ್ಲಿ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದನ್ನು ನಾನು ಒಳಗಿನಿಂದ ನೋಡಿದ್ದೇನೆ. ಆ ಅಳು ನಿಜವಾದದ್ದೇ. ಅದರಿಂದ ಹುಟ್ಟಿದ ಬೇಡಿಕೆಗಳು ಎರಡು. ತಂದೆ ತಾಯಿಯ ಸಹಿ ಇಲ್ಲದೆ ಮದುವೆ ನೋಂದಣಿ ಆಗಬಾರದು ಎಂಬುದು ಒಂದು. ಮನೆಯ ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು, ಕಾರ್ಖಾನೆಗಳು ಅವರಿಗೆ ಸಂಜೆಯ ಪಾಳಿ ಕೊಡಬಾರದು ಎಂಬುದು ಇನ್ನೊಂದು. ಇದನ್ನು ಸರ್ಕಾರಕ್ಕೆ ಕೇಳುವ ಮೊದಲು ಪದಾಧಿಕಾರಿಗಳ ಮನೆಗಳಲ್ಲೇ ಜಾರಿಗೆ ತರಬೇಕೆಂದು ದೊಡ್ಡಪ್ಪ ಹೇಳಿದರು. ತಾವು ಪಾಲಿಸದ್ದನ್ನು ಊರಿಗೆ ಹೇಳುವವರಲ್ಲ ಅವರು.

ಅದೇ ವಾರ ನನಗೆ ಮಾಲೂರಿನ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮಾತ್ರೆ ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವ ಕೆಲಸ. ನಾನು ಓದಿದ್ದೇ ಅದಕ್ಕೆ. ಒಂದು ವಾರ ಬೆಳಗಿನ ಶಿಫ್ಟ್, ಒಂದು ವಾರ ಮಧ್ಯಾಹ್ನದ್ದು. ಮಧ್ಯಾಹ್ನದ ಶಿಫ್ಟ್ ರಾತ್ರಿ ಮುಗಿಯುತ್ತದೆ, ಕಾರ್ಖಾನೆಯ ವ್ಯಾನು ಊರಿನ ಒಳಗೇ ತಂದು ಬಿಡುತ್ತದೆ. ಸೋಮವಾರ ಸೇರಬೇಕಿತ್ತು. ಭಾನುವಾರ ವೇದಿಕೆಯ ಸಮಾವೇಶ.

"ಭಾನುವಾರ ನಿರ್ಣಯ ಪಾಸಾದ್ರೆ ಸೋಮವಾರ ನೀನು ಹೋಗಕ್ಕಾಗಲ್ಲ ಕಣಮ್ಮ," ಎಂದರು ಅಪ್ಪ. "ನಾನು ಅಣ್ಣನಿಗೆ ಮಾತು ಕೊಟ್ಟಿದ್ದೀನಿ."

"ಬರೀ ಬೆಳಗಿನ ಶಿಫ್ಟ್ ಕೊಡಲ್ಲಪ್ಪ ಅಲ್ಲಿ. ಸೇರಿದ್ರೆ ಎರಡೂ ಮಾಡ್ಬೇಕು."

"ಅದಕ್ಕೇ ಹೇಳ್ತಿರೋದು."

ಮಾತು ಬೆಳೆಸುವುದು ನನ್ನ ಸ್ವಭಾವವಲ್ಲ. ಆದರೆ ಹೋಗುವುದೆಂದು ಒಳಗೆ ಆಗಲೇ ತೀರ್ಮಾನವಾಗಿತ್ತು. ಯಾರಿಗೆ, ಯಾವಾಗ, ಹೇಗೆ ಹೇಳುವುದು ಎಂಬುದಷ್ಟೇ ಉಳಿದಿತ್ತು.

ಸಮಾವೇಶ ಶಾಲೆಯ ಮೈದಾನದಲ್ಲಿ. ನಾಲ್ಕು ತಾಲೂಕಿನಿಂದ ಗಂಡಸರು ಟೆಂಪೋಗಳಲ್ಲಿ ಬಂದರು. ಶಾಸಕರು ಬರುವವರಿದ್ದರು. ಬೇಡಿಕೆ ಹೆಣ್ಣುಮಕ್ಕಳ ವಿಷಯದ್ದಾದ್ದರಿಂದ ಹೆಂಗಸರು ತುಂಬಿರಬೇಕೆಂದು ಎಡಗಡೆಯ ಸಾಲುಗಳನ್ನೆಲ್ಲ ಅವರಿಗೆಂದೇ ಬಿಟ್ಟಿದ್ದರು. ರಸ್ತೆಗೆ ಫ್ಲೆಕ್ಸ್ ಕಟ್ಟಿದ್ದರು. ಮೈಕು ಕಟ್ಟಿದ ಆಟೋ ವಾರವಿಡೀ ಬೀದಿ ಬೀದಿ ಸುತ್ತಿತ್ತು. ಅಡುಗೆಗೂ ಹೊರಗಿನವರನ್ನು ಕರೆಸಿದ್ದರು. ಶಾಸಕರು ಸ್ಟೇಜು ಹತ್ತಿದಾಗ ಎಡಗಡೆಯಲ್ಲಿ ಕೂತಿದ್ದವರು ಅಂಗನವಾಡಿಯ ಟೀಚರು, ಅವರ ಪಕ್ಕದಲ್ಲಿ ನಾನು. ಉಳಿದ ಕುರ್ಚಿಗಳು ಖಾಲಿ.

ದೊಡ್ಡಪ್ಪ ಅಪ್ಪನ ಕಡೆ ಬಾಗಿ, "ಲೇ, ಹೆಂಗಸರೆಲ್ಲೋ?" ಎಂದರು. ಅಪ್ಪ ನನಗೆ ಸನ್ನೆ ಮಾಡಿದರು. "ಬಾರಮ್ಮ, ಹೋಗಿ ಕರ್ಕೊಂಬರೋಣ."

ಮೈದಾನದ ಎದುರಿನ ಮನೆಯ ಅಜ್ಜಿ ಹೊಸ್ತಿಲಲ್ಲೇ ಕಾಲು ಚಾಚಿ ಕೂತಿದ್ದರು. ಹೊಸ ಸೀರೆ ಉಟ್ಟಿದ್ದರು.

"ಏನಜ್ಜಿ, ಇನ್ನೂ ಇಲ್ಲೇ ಕೂತಿದ್ದೀಯ? ಶುರುವಾಗೋಯ್ತು," ಎಂದರು ಅಪ್ಪ.

"ಯಾರಪ್ಪ ಕರೆದ್ರು ನನ್ನ?"

"ಕರೀದೆ ಏನು? ವಾರದಿಂದ ಆಟೋ ಕೂಗ್ತಾ ಓಡಾಡಿಲ್ವಾ?"

"ಓಡಾಡ್ತು ಓಡಾಡ್ತು. ಕುಂಕುಮ ಇಡ್ತದೇನೋ ಅಂತ ಹಣೆ ತೋರಿಸ್ಕೊಂಡು ನಿಂತಿದ್ದೆ. ನಿಮ್ಮ ಆಟೋಗೆ ಕೈ ಇಲ್ವಲ್ಲಪ್ಪ!"

ಒಳಗಿದ್ದ ಸೊಸೆ ಕಿಸಕ್ಕೆಂದಳು. ಅಪ್ಪ ನಗಲಿಲ್ಲ. ಅವರ ಮುಖ ನೋಡಿದರೆ ಏನಾಗಿದೆಯೆಂದು ಅವರಿಗೆ ಅರ್ಥವಾದಂತಿತ್ತು. ಹಳೆಯ ಪದ್ಧತಿ ಉಳಿಸುವ ಸಮಾವೇಶಕ್ಕೆ ಹೆಂಗಸರನ್ನು ಪದ್ಧತಿಯಂತೆ ಯಾರೂ ಕರೆದಿರಲಿಲ್ಲ. ಮನೆಯ ಹೆಂಗಸು ಬಂದು ಕರೆಯದ ಕಡೆಗೆ ಮನೆಯ ಹೆಂಗಸು ಹೋಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿಂದ ದೊಡ್ಡಮ್ಮನ ಹತ್ತಿರ ಹೋದೆವು. ಅವರು ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು.

"ಅತ್ತಿಗೆ, ಒಂದ್ಮಾತು ನೆನಪು ಮಾಡ್ಬಾರ್ದಾಗಿತ್ತಾ?"

"ಪಿಲಿಸ್ತೇ ಕದಾ ವಚ್ಚೇದಿ," ಎಂದರು ದೊಡ್ಡಮ್ಮ. ಕರೆದರೆ ತಾನೇ ಬರುವುದು. ಮೊರ ನಿಲ್ಲಲಿಲ್ಲ. "ನನ್ನೂ ಯಾರೂ ಕರೀಲಿಲ್ಲ ಮೈದುನಾ. ನಿಮ್ಮಣ್ಣ ಬೆಳಿಗ್ಗೆ ಶರ್ಟ್ ಇಸ್ತ್ರಿ ಆಗಿದ್ಯಾ ಅಂತ ಕೇಳಿದ್ರು. ಆಗಿತ್ತು, ಕೊಟ್ಟೆ."

"ಈಗ್ಲಾದ್ರೂ ಒಂದ್ ಸುತ್ತು ಹೋಗಿ ಬನ್ನಿ."

"ಊಟಕ್ಕೆ ಎಲೆ ಹಾಕಿದ್ಮೇಲೆ ಕುಂಕುಮದ ಬಟ್ಟಲು ಹಿಡ್ಕೊಂಡು ಓಡ್ತಾರೇನು? ಅದ್ಯಾವ ಪದ್ಧತಿ?"

ಊರಿನ ಹೆಂಗಸರು ನನ್ನ ಪರವಾಗಿ ಬರದೆ ಉಳಿದರು ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಕರೆದಿದ್ದರೆ ಅವರಲ್ಲಿ ಎಷ್ಟೋ ಜನ ಬಂದು, ನಿರ್ಣಯಕ್ಕೆ ಕೈ ಎತ್ತಿಯೂ ಬಿಡುತ್ತಿದ್ದರು. ಹಾಗಾಗಿ ಆ ಖಾಲಿ ಕುರ್ಚಿಗಳನ್ನು ನಾನು ನೆಚ್ಚಿಕೊಳ್ಳುವಂತಿರಲಿಲ್ಲ.

ನಾವು ಬರಿಗೈಯಲ್ಲಿ ಹಿಂತಿರುಗಿದಾಗ ದೊಡ್ಡಪ್ಪ ಸ್ಟೇಜಿನ ಮೆಟ್ಟಿಲಿಗೆ ಬಂದರು. ಕೈಯಲ್ಲಿ ನಿರ್ಣಯದ ಹಾಳೆ ಇತ್ತು.

"ಹೆಂಗಸರ ಪರವಾಗಿ ನೀನೇ ಓದ್ಬಿಡಮ್ಮ. ಓದಿದ ಹುಡುಗಿ, ನಮ್ಮ ಮನೆ ಮಗಳು. ಶಾಸಕರಿಗೂ ಒಂದು ಗೌರವ."

ಮೈಕು ಹತ್ತಿರದಲ್ಲೇ ಇತ್ತು. ಅದಕ್ಕೆ ಕೇಳದಷ್ಟು ಮೆಲ್ಲಗೆ, ಅವರಿಗೂ ಅಪ್ಪನಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದೆ.

"ಇದನ್ನ ನಾನು ಓದಲ್ಲ ದೊಡ್ಡಪ್ಪ. ನನಗೆ ಒಪ್ಪಿಗೆ ಇಲ್ಲ."

ದೊಡ್ಡಪ್ಪ ನನ್ನನ್ನು ನೋಡಿದರು. ಆಮೇಲೆ ಅಪ್ಪನನ್ನು ನೋಡಿದರು. ಹಿಂದಿನಿಂದ ಯಾರೋ, "ಯಜಮಾನ್ರೇ, ಟೈಮಾಯ್ತು," ಎಂದರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ತಾವೇ ಓದಿದರು. ಗಂಡಸರು ಕೈ ಎತ್ತಿದರು, ನಿರ್ಣಯ ಪಾಸಾಯಿತು. ಶಾಸಕರು ಎಡಗಡೆಯ ಸಾಲುಗಳನ್ನು ಇನ್ನೊಮ್ಮೆ ನೋಡಿ, "ತಾಯಂದಿರೂ ಬರ್ಬೇಕಾಗಿತ್ತು. ನೋಡೋಣ, ಮೇಲಿನವರ ಹತ್ರ ಮಾತಾಡ್ತೀನಿ," ಎಂದು ಹಾಳೆಯನ್ನು ಸಹಾಯಕನ ಕೈಗೆ ಕೊಟ್ಟರು. ಸರ್ಕಾರದ ಮಟ್ಟಿಗೆ ಅದು ಅಲ್ಲಿಗೇ ನಿಂತಿತು. ನಮ್ಮ ಮನೆಯ ಮಟ್ಟಿಗೆ ಪಾಸಾಗಿತ್ತು.

ಸಂಜೆ ಅಮ್ಮ ದೇವರಿಗೆ ದೀಪ ಹಚ್ಚುವಾಗ ಅಪ್ಪ ಹುಳುಮನೆಯಿಂದ ಸೊಪ್ಪು ಹಾಕಿ ಬಂದು ಜಗುಲಿಯಲ್ಲಿ ಕೂತರು. ನಾನು ಎದುರಿಗೆ ಹೋಗಿ ಕೂತೆ.

"ಎಲ್ಲರ ಮುಂದೆ ಹಂಗನ್ಬಿಟ್ಯಲ್ಲಮ್ಮ."

"ಎಲ್ಲರ ಮುಂದೆ ಅನ್ಲಿಲ್ಲಪ್ಪ. ನಿಮ್ಮಿಬ್ಬರಿಗೇ ಅಂದೆ."

"ನನ್ನ ಮಾತು ಏನಾಗ್ಬೇಕು?"

"ಆ ಮಾತು ನೀನು ಕೊಟ್ಟಿದ್ದು. ನನ್ನ ಕೇಳಿ ಕೊಡ್ಲಿಲ್ಲ. ನಾಳೆ ನಾನು ಸೇರ್ಕೋತೀನಿ."

ಒಳಗಿನಿಂದ ಅಮ್ಮ, "ಡಬ್ಬಿಗೆ ಚಿತ್ರಾನ್ನ ಮಾಡ್ಲಾ, ಮುದ್ದೆನೇ ತಿಂದ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಅಪ್ಪ ಒಳಬಾಗಿಲ ಕಡೆ ನೋಡಿದರು. "ನೀನೂ ಶುರುಮಾಡ್ದಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗೋದಾದ್ರೆ ಅಣ್ಣನಿಗೆ ಬೇರೆಯವರಿಂದ ಗೊತ್ತಾಗ್ಬಾರ್ದು. ನೀನೇ ಹೇಳು. ನನ್ನ ಕೈಲಾಗಲ್ಲ," ಎಂದರು. ಅಪ್ಪ ಸೋತರೆಂದು ನನಗೆ ಅನ್ನಿಸಲಿಲ್ಲ. ಅವರಿಗೆ ಅಣ್ಣನ ಎದುರು ನಿಲ್ಲುವುದು ಎಷ್ಟು ಕಷ್ಟವೆಂದು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಆಗಲಿ ಎಂದೆ.

ಮಾರನೆಯ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಸರ್ಟಿಫಿಕೇಟುಗಳನ್ನು ಬ್ಯಾಗಿಗೆ ಹಾಕಿಕೊಂಡು ದೊಡ್ಡಪ್ಪನ ಮನೆಗೆ ಹೋದೆ. ಅವರು ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು. ತಿರುಗಿ ನೋಡಲಿಲ್ಲ.

"ಹೇಳಕ್ಕೆ ಬಂದ್ಯಾ, ಕೇಳಕ್ಕೆ ಬಂದ್ಯಾ?"

"ಹೇಳಕ್ಕೆ ಬಂದೆ ದೊಡ್ಡಪ್ಪ. ಇವತ್ತು ಸೇರ್ತಿದ್ದೀನಿ. ಈ ವಾರ ಮಧ್ಯಾಹ್ನದ ಶಿಫ್ಟ್. ರಾತ್ರಿ ವ್ಯಾನು ಅರಳಿಕಟ್ಟೆ ಹತ್ರ ಬಿಡುತ್ತೆ. ಅಲ್ಲಿಂದ ಮನೆಗೆ ನಾನೇ ನಡ್ಕೊಂಡ್ಹೋಗ್ತೀನಿ."

ಅವರು ಬಕೆಟ್ಟನ್ನು ಹಸುವಿನ ಮುಂದಕ್ಕೆ ತಳ್ಳಿ, ಕೈ ತೊಳೆದುಕೊಂಡರು. "ನಾನು ಒಪ್ಪಲ್ಲ," ಎಂದರು.

"ಗೊತ್ತು ದೊಡ್ಡಪ್ಪ."

ಮೊದಲ ದಿನ ಕಾಗದಪತ್ರದ ಕೆಲಸಕ್ಕೆಂದು ಕಾರ್ಖಾನೆಯವರು ಹತ್ತು ಗಂಟೆಗೇ ಬರಹೇಳಿದ್ದರು. ಹೋಗಿ ಬರ್ತೀನಿ ಎಂದು ಹೇಳಿ, ಬಸ್ಸಿಗೆ ನಡೆದೆ.