ತೊಂಬತ್ತೆಂಟಕ್ಕೆ ಕುದ್ದ ನೀರು

ನಾನು ಕಲಿಸುವ ಲಕ್ಷ್ಮೇಶ್ವರದ ಶಾಲೆಯ ಕಪಾಟಿನಲ್ಲಿ ಈಗ ಒಂದು ಹಳೇ ಪಂಪ್ ಸ್ಟೋವ್ ಕೂತಿದೆ. ಹಿತ್ತಾಳೆಯದು, ಒಂದು ಕಾಲು ಸ್ವಲ್ಪ ಸೊಟ್ಟ. ಬಾಗಿಲು ತೆರೆದರೆ ಸಾಕು, ಚಿಮಣಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ನಕಾಶೆ, ಅಳತೆಪಟ್ಟಿ, ಸೀಮೆಸುಣ್ಣದ ಡಬ್ಬಿ, ಎಲ್ಲಕ್ಕೂ ಆ ವಾಸನೆ ಹತ್ತಿಬಿಟ್ಟಿದೆ. ಪಕ್ಕದ ಕೋಣೆಯ ಕನ್ನಡ ಮಾಸ್ತರರು ಮೂಗು ಮುಚ್ಚಿಕೊಂಡು, "ಏನ್ರಿ ಇದು, ಸಾಲಿಯೋ ಚಾದಂಗಡಿಯೋ?" ಎಂದು ದಿನಾ ಕೇಳುತ್ತಾರೆ. ಕೇಳಲಿ. ಆ ವಾಸನೆ ಹೊರಗೆ ಹೋಗದಿರಲಿ ಅಂತಲೇ ನಾನು ಕಪಾಟನ್ನು ಗಟ್ಟಿಯಾಗಿ ಮುಚ್ಚುತ್ತೇನೆ.

ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಅದನ್ನು ತರುವಾಗ ಕಂಡಕ್ಟರ್ ಜೊತೆ ಜಗಳವೇ ಆಯಿತು. "ಚಿಮಣಿ ಎಣ್ಣಿ ಬಸ್ಸಿನ್ಯಾಗ ನಡ್ಯಂಗಿಲ್ರಿ ಅಕ್ಕೋರ," ಅಂದ. ಎಣ್ಣೆ ಇಲ್ಲವೆಂದು ಸ್ಟೋವನ್ನು ಕಿವಿಯ ಹತ್ತಿರ ಅಲುಗಾಡಿಸಿ ತೋರಿಸಿದೆ. "ಮತ್ತ ವಾಸನಿ?" ಅಂದ. "ವಾಸನಿಗೂ ಟಿಕೀಟ ಹರೀತೀರೇನ್ರಿ? ಹರೀರಿ, ತಗೊಂತೇನಿ," ಅಂದೆ. ಬಸ್ಸಿನವರೆಲ್ಲ ನಕ್ಕರು, ಆತ ಸೀಟಿ ಊದಿದ. ಸ್ಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮುಳಗುಂದ ಬರುವ ಹೊತ್ತಿಗೆ ನನ್ನ ಸೀರೆಗೂ ಆ ವಾಸನೆ ಹತ್ತಿತ್ತು. ಕಣ್ಣು ಮುಚ್ಚಿದರೆ ನಮ್ಮೂರ ಏಳನೆಯ ತರಗತಿಯ ಕೋಣೆ, ಪಂಪ್ ಹೊಡೆಯುತ್ತ ನೆಲದ ಮೇಲೆ ಕೂತ ಅಕ್ಕೋರು...

ನಮ್ಮೂರು ಮುಂಡರಗಿ ಕಡೆಯದು. ಅಲ್ಲಿಯ ಸರಕಾರಿ ಶಾಲೆಗೆ ನಾನು ಏಳನೆಯಲ್ಲಿದ್ದ ವರ್ಷ ಆ ಅಕ್ಕೋರು ಗಣಿತ ಮತ್ತು ವಿಜ್ಞಾನ ಹೇಳಿಕೊಡಲು ಬಂದರು. ಕಾಯಂ ಅಲ್ಲ, ಅತಿಥಿ ಶಿಕ್ಷಕಿ. ಜೂನ್‌ನಲ್ಲಿ ಕರೆದರೆ ಬರಬೇಕು, ವರ್ಷ ಮುಗಿದರೆ ಹೋಗಬೇಕು, ಮತ್ತೆ ಕರೆಯುವುದು ಬಿಡುವುದು ಮೇಲಿನವರ ಮರ್ಜಿ. ಈ ಕೆಲಸಕ್ಕೆ ಅತಿಥಿ ಎಂದು ಹೆಸರಿಟ್ಟವರಿಗೆ ಕೈಮುಗಿಯಬೇಕು. ನಮ್ಮ ಶಾಲೆಯಲ್ಲಿ ಆ ಅತಿಥಿಗೆ ಕೂರಲು ಒಂದು ಕುರ್ಚಿಯೂ ಇರಲಿಲ್ಲ. ಬೆಟಗೇರಿಯಿಂದ ಬೆಳಗಿನ ಬಸ್ಸಿಗೆ ಬಂದು, ಮಕ್ಕಳ ಬೆಂಚಿನ ತುದಿಯಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರು. ನನಗೆ ಅವರೆಂದರೆ ಜೀವ. ಅವರು ತೆಳ್ಳಗೆ, ಕಡ್ಡಿಯಂತೆ ಇದ್ದರು. ದನಿ ಮಾತ್ರ ಹಿತ್ತಲವರೆಗೂ ಕೇಳುತ್ತಿತ್ತು.

ಮೇಲಿನಿಂದ ಬಂದ ಕಲಿಕಾ ಫಲಗಳ ಹಾಳೆಯೊಂದನ್ನು ಎಲ್ಲ ಶಾಲೆಯಂತೆ ನಮ್ಮಲ್ಲಿಯೂ ಗೋಡೆಗೆ ಅಂಟಿಸಿದ್ದರು. ಏಳನೆಯ ತರಗತಿ ಮುಗಿಸುವಾಗ ಮಗುವಿಗೆ ಗಣಿತದಲ್ಲಿ ಏನು ಬರಬೇಕು, ವಿಜ್ಞಾನದಲ್ಲಿ ಏನು ಬರಬೇಕು ಎಂಬ ಸಾಲುಗಳು. ಬೇರೆ ತರಗತಿಗಳಲ್ಲಿ ಆ ಹಾಳೆಯ ಮೇಲೆ ದಸರಾ ರಜೆಗೆ ಮೊದಲೇ ಎಲ್ಲ ಸಾಲಿನ ಮುಂದೆಯೂ ರೈಟ್ ಗುರುತು ಬಿದ್ದಿತ್ತು. ಮಕ್ಕಳಿಗೆ ಭಾಗಾಕಾರ ಬರುತ್ತಿರಲಿಲ್ಲ, ಅದು ಬೇರೆ ಮಾತು. ನಮ್ಮ ಅಕ್ಕೋರು ಮಾತ್ರ ಒಂದು ಗುರುತನ್ನೂ ತಾವು ಹಾಕಲಿಲ್ಲ.

"ಇದ್ರಾಗ ಬರದದ್ದು ನಿಮಗ ಬರಬೇಕಾದ್ದು, ನನಗಲ್ಲ. ಗುರ್ತ ಹಾಕವ್ರು ನೀವ," ಅನ್ನುತ್ತಿದ್ದರು. ಶನಿವಾರದ ಬೆಳಗಿನ ಶಾಲೆಯಲ್ಲಿ ಆ ಹಾಳೆಯ ಒಂದೊಂದು ಸಾಲನ್ನು ಓದಿಸಿ, ಅದನ್ನು ನಮ್ಮ ಮನೆಮಾತಿಗೆ ತರುತ್ತಿದ್ದರು. ಪ್ರಯೋಗ, ಮಾಪನ, ತೀರ್ಮಾನ ಎಂದೆಲ್ಲ ಅದರಲ್ಲಿದ್ದದ್ದು ಅವರ ಬಾಯಲ್ಲಿ ಹೀಗಾಗುತ್ತಿತ್ತು: "ನೀವ ನೋಡಬೇಕು, ನೀವ ಅಳೀಬೇಕು, ಕಂಡದ್ದು ಕಂಡಂಗ ಹೇಳಬೇಕು." ಬಂದವರು ಎದ್ದು ನಿಂತು "ನನಗ ಬಂತ್ರಿ" ಅಂದು ಮಾಡಿ ತೋರಿಸಬೇಕು. ಬರದವರು "ಇನ್ನೂ ಬಂದಿಲ್ರಿ" ಅನ್ನಬೇಕು. ಹಾಗೆ ಅಂದವರಿಗೆ ಬೈಗುಳ ಇಲ್ಲ, ಏಟಿಲ್ಲ. ಅವರ ಹತ್ತಿರ ಹೋಗಿ ಕೂರುತ್ತಿದ್ದರು, ಅಷ್ಟೇ. ಭಿನ್ನರಾಶಿಯಲ್ಲಿ ನಾನು ಎಷ್ಟೋ ಶನಿವಾರ "ಇನ್ನೂ ಬಂದಿಲ್ರಿ" ಅಂದವಳು. ಬಂದ ದಿನ ಅಂಗಳದ ತುಂಬ ಓಡಿದೆ.

ಉಷ್ಣದ ಪಾಠ ಬಂದಾಗ ಅಕ್ಕೋರು ಮನೆಯಿಂದ ಈ ಸ್ಟೋವ್ ತಂದರು. ಪುಸ್ತಕದಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದಿತ್ತು. ನಾವು ಗುಂಪುಗುಂಪಾಗಿ ಪಾತ್ರೆಯ ಸುತ್ತ ಕೂತು ಉಷ್ಣತಾಮಾಪಕ ಹಿಡಿದೆವು. ನೀರು ಕೊತಕೊತ ಕುದಿಯಿತು. ಪಾದರಸ ತೊಂಬತ್ತೆಂಟಕ್ಕೆ ಬಂದು ನಿಂತಿತು. ಪಂಪ್ ಹೊಡೆದೆವು, ಉರಿ ಜೋರಾಯಿತು, ಪಾದರಸ ಮೇಲೇರಲಿಲ್ಲ. ಒಂದು ಗುಂಪಿಗೆ ತೊಂಬತ್ತೇಳು ಕಂಡಿತು, ಇನ್ನೊಂದಕ್ಕೆ ತೊಂಬತ್ತೊಂಬತ್ತು. ಸರಾಸರಿ ತೆಗೆಸಿದರು, ಮತ್ತೆ ತೊಂಬತ್ತೆಂಟೇ.

"ಮೀಟರ್ ಸುಳ್ಳೈತ್ರಿ," ಅಂದೆವು ಎಲ್ಲರೂ.

"ಇರಬಹುದು. ಸುಳ್ಳೈತಿ ಅಂತ ಹೆಂಗ ತಿಳಕೊಳ್ಳೂದು?"

ಕರಗುವ ಬರ್ಫದಲ್ಲಿ ಇಟ್ಟರೆ ಸೊನ್ನೆ ತೋರಿಸಬೇಕು ಎಂದು ಪುಸ್ತಕವೇ ಹೇಳಿತ್ತು. ಬರ್ಫ ಎಲ್ಲಿಂದ ಬರಬೇಕು ನಮ್ಮೂರಲ್ಲಿ? ಗೇಟಿನ ಹತ್ತಿರ ಕುಲ್ಫಿ ಮಾರುವವನು ಬರುತ್ತಿದ್ದ. ಅವನ ಗಡಿಗೆಯಿಂದ ಒಂದು ಹಿಡಿ ಪುಡಿ ಬರ್ಫ ಬೇಡಿ ತಂದೆವು. ಮೀಟರ್ ಇಟ್ಟದ್ದೇ ತಡ, ಪಾದರಸ ಸೊನ್ನೆ ದಾಟಿ ಕೆಳಗೆ ಕೆಳಗೆ ಇಳಿಯಿತು. ನಾವು ಕುಣಿದುಬಿಟ್ಟೆವು. ಮೀಟರೇ ಸುಳ್ಳು, ಪುಸ್ತಕ ಖರೆ, ನೂರು ಉಳಿಯಿತು! ಅಕ್ಕೋರೂ ಸಮಾಧಾನದ ಉಸಿರು ಬಿಟ್ಟರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, ತಿನ್ನುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು, ಆ ಬರ್ಫದ ಚೂರನ್ನು ಬಾಯಿಗೆ ಹಾಕಿಕೊಂಡು "ಥೂ" ಎಂದು ಉಗುಳಿದಳು.

"ಅಕ್ಕೋರ, ಉಪ್ಪೈತ್ರಿ ಇದು!"

ಕುಲ್ಫಿ ಗಟ್ಟಿಯಾಗಲಿ ಅಂತ ಅವನು ಬರ್ಫಕ್ಕೆ ಉಪ್ಪು ಹಾಕುತ್ತಿದ್ದ. ಉಪ್ಪು ಬಿದ್ದ ಬರ್ಫ ಸೊನ್ನೆಗಿಂತ ತಣ್ಣಗಾಗುತ್ತದೆ. ಅಕ್ಕೋರು ಹಣೆ ಬಡಿದುಕೊಂಡು ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ. ಮರುದಿನ ಮುಂಡರಗಿಯಲ್ಲಿ ಬಸ್ಸು ಬದಲಿಸುವಾಗ ತಂಪು ಪಾನೀಯದ ಅಂಗಡಿಯಿಂದ ಶುದ್ಧ ಬರ್ಫ ಕೊಂಡು, ಗೋಣಿಚೀಲದ ತುಂಡಿನಲ್ಲಿ ಸುತ್ತಿ, ಬುತ್ತಿಯ ಡಬ್ಬಿಯಲ್ಲಿ ಹಾಕಿ ತಂದರು. ಅವತ್ತು ಅವರಿಗೆ ಬುತ್ತಿ ಇರಲಿಲ್ಲ. ಪಾದರಸ ಸೊನ್ನೆಗೆ ಬಂದು ನಿಂತಿತು. ಮೀಟರ್ ಸರಿಯಾಗಿಯೇ ಇತ್ತು. ನಮ್ಮೂರ ಸವಳು ನೀರಿನದೇ ದೋಷವೇನೋ ಎಂದು ಮಳೆನೀರು ತಂದು ಕುದಿಸಿದೆವು. ಅದೂ ತೊಂಬತ್ತೆಂಟಕ್ಕೇ ಕುದಿಯಿತು.

"ಯಾಕ್ರಿ ಅಕ್ಕೋರ?" ಎಂದೆವು.

"ನನಗೂ ಗೊತ್ತಿಲ್ಲ. ಹುಡುಕಿ ಹೇಳತೇನಿ," ಅಂದರು. ಶಿಕ್ಷಕರೊಬ್ಬರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಆಮೇಲೆ ಬಿ.ಇಡಿ.ಯಲ್ಲೂ ಕೇಳಲಿಲ್ಲ.

ಅವರು ಹುಡುಕುವುದಕ್ಕೆ ಮೊದಲೇ ಸಾಹೇಬರ ಭೇಟಿ ಬಂತು. ಕಲಿಕಾ ಫಲ ಯಾವ ಯಾವ ಮಗುವಿಗೆ ದಕ್ಕಿದೆ ಎಂದು ಪರೀಕ್ಷಿಸಲು ತಾಲೂಕಿನಿಂದ ಬರುವವರು. ಅವತ್ತು ಬೆಳಿಗ್ಗೆ ಹೆಡ್‌ಮಾಸ್ತರರು ನಮ್ಮ ಕೋಣೆಗೇ ಬಂದು, "ಕುದಿಯೂ ನೀರು ಕೇಳಿದ್ರ ನೂರು ಅನ್ರಿ. ತಿಳೀತಿಲ್ಲೋ?" ಎಂದರು. ಆಮೇಲೆ ಅಕ್ಕೋರ ಕಡೆ ತಿರುಗಿದರು. "ಮುಂದಿನ ಜೂನಿಗೆ ನಿಮ್ಮನ್ನ ಕರೀಬೇಕೋ ಬ್ಯಾಡೋ, ಇವತ್ತ ಗೊತ್ತಾಗ್ತೈತಿ." ನಮ್ಮೆಲ್ಲರ ಎದುರಿಗೇ ಅಂದರು.

"ನೋಡಿದ್ದನ್ನ ಮುಚ್ಚಿಡ್ರಿ ಅಂತ ಮಕ್ಕಳಿಗೆ ಹೇಳಾಕ ನನ್ನಿಂದ ಆಗಂಗಿಲ್ರಿ ಸರ್," ಅಂದರು ಅಕ್ಕೋರು. ಹಿತ್ತಲವರೆಗೂ ಕೇಳುವ ದನಿ ಅವತ್ತು ಮೊದಲ ಬೆಂಚಿಗಷ್ಟೇ ಕೇಳಿತು. ಆದರೂ ಅಂದರು.

ಸಾಹೇಬರು ಕೆಟ್ಟವರಾಗಿರಲಿಲ್ಲ. ದಣಿದಿದ್ದರು, ಇನ್ನೂ ಎಷ್ಟೋ ಶಾಲೆ ತಿರುಗಬೇಕಿತ್ತು. ಭಿನ್ನರಾಶಿ ಕೇಳಿದರು, ಹೇಳಿದೆವು. ಸರಾಸರಿ ಕೇಳಿದರು, ಹೇಳಿದೆವು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಕೇಳುತ್ತ ಅವರ ಬೆರಳು ತಿರುಗಿದ್ದು ನನ್ನ ಕಡೆ. ನಾನು ಎದ್ದು ನಿಂತೆ.

"ತೊಂಬತ್ತೆಂಟ್ರಿ."

ಹೆಡ್‌ಮಾಸ್ತರರ ಮುಖ ಕೆಂಪಗಾಯಿತು. ಸಾಹೇಬರು ಕನ್ನಡಕ ತೆಗೆದರು. "ಪುಸ್ತಕದಾಗ ಏನೈತವಾ? ಗಾಬರಿ ಆಗಬ್ಯಾಡ. ವಿಚಾರ ಮಾಡಿ ಇನ್ನೊಮ್ಮೆ ಹೇಳು," ಎಂದರು ಮೆತ್ತಗೆ. ಪೆನ್ನು ಗುರುತು ಹಾಕಲು ಕಾಯುತ್ತಿತ್ತು. ನೂರು ಅಂದರೆ ಆಯಿತು. ಒಂದು ಮಾತು. ಅಕ್ಕೋರು ಉಳಿಯುತ್ತಾರೆ.

ನಾನು ಅಕ್ಕೋರ ಮುಖ ನೋಡಿದೆ. ಕಣ್ಣಲ್ಲೇ ಏನಾದರೂ ಹೇಳಿಯಾರು ಎಂದು. ಅವರು ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ, ನಮಗೆಲ್ಲ ಬೆನ್ನು ಮಾಡಿ ನಿಂತುಬಿಟ್ಟರು. ಹೊರಗೆ ಏನೂ ಇರಲಿಲ್ಲ, ಎರೆಹೊಲ, ಅದರಾಚೆ ಗುಡ್ಡ... ಅವರು ಉಳಿಯಬೇಕು ಎಂಬ ಆಸೆಗೆ, ನೂರು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪಾದರಸ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

"ಪುಸ್ತಕದಾಗ ನೂರೈತ್ರಿ. ನಾವು ಅಳದದ್ದು ತೊಂಬತ್ತೆಂಟ್ರಿ."

ಸಾಹೇಬರು ಅಕ್ಕೋರನ್ನು ಕೇಳಿದರು, "ಇದನ್ನ ನೀವು ಕಲಿಸೀರೇನು ಮೇಡಂ?"

"ನಾ ಕಲಿಸಿಲ್ರಿ. ಅವ್ರು ನೋಡ್ಯಾರ," ಅಂದರು ಅಕ್ಕೋರು, ಕಿಟಕಿಯಿಂದ ತಿರುಗದೆ. ಸಾಹೇಬರು ಏನೋ ಬರೆದುಕೊಂಡರು. ಅವರ ಕೈಯ ಹಾಳೆಯಲ್ಲಿ, ನೋಡಿ, ಅಳೆದು, ಕಂಡದ್ದು ಕಂಡಂತೆ ಹೇಳುವ ಆ ಸಾಲಿನ ಮುಂದೆ, ಸಾಧಿಸಿಲ್ಲ ಎಂದು ಬಿತ್ತು.

ಮನೆಗೆ ಬಂದರೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. "ನೂರು ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತ ಲೇ? ಆ ಅಕ್ಕೋರ ಅನ್ನಕ್ಕ ಕಲ್ಲು ಹಾಕಿದಿ," ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಬೈದಳು. ಇವತ್ತಿಗೂ ಊರಿಗೆ ಹೋದರೆ ಯಾರಾದರೂ ನಗುತ್ತ ಅದನ್ನೇ ಆಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಖರೆ ಹೇಳಿದ ಹುಡುಗಿಯನ್ನು ಬೈಯಲು ಎಲ್ಲರಿಗೂ ಬಾಯಿ ಬರುತ್ತದೆ, ಖರೆ ಹೇಳಿಸಿದ ಅಕ್ಕೋರನ್ನು ಮನೆಗೆ ಕಳಿಸಿದವರ ಬಗ್ಗೆ ಒಬ್ಬರೂ ಚಕಾರ ಎತ್ತುವುದಿಲ್ಲ. ಅವರ ಕೆಲಸ ಕಳೆದವಳು ನಾನಲ್ಲ. ಆವತ್ತೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ವರ್ಷದ ಕೊನೆಯ ಶನಿವಾರ ಅಕ್ಕೋರು ಹುಡುಕಿದ್ದನ್ನು ತಂದರು. ತಮ್ಮ ಕಾಲೇಜಿನ ಹಳೆಯ ಗುರುಗಳನ್ನು ಹೋಗಿ ಕೇಳಿದ್ದರಂತೆ. "ನೂರು ಅನ್ನೂದು ಸಮುದ್ರದ ದಂಡಿ ಲೆಕ್ಕ. ನಾವು ಅದಕ್ಕಿಂತ ಎತ್ತರದಾಗ ಅದೇವಿ. ಮ್ಯಾಲ ಹೋದಂಗ ಗಾಳಿ ಒತ್ತಡ ಕಡಿಮಿ, ನೀರು ಜಲ್ದಿ ಕುದೀತೈತಿ. ಪುಸ್ತಕನೂ ಸುಳ್ಳಲ್ಲ, ನೀವೂ ಸುಳ್ಳಲ್ಲ," ಎಂದರು. ಆಮೇಲೆ ನನ್ನ ಕೈಗೆ ಕೆಂಪು ಸೀಮೆಸುಣ್ಣ ಕೊಟ್ಟು ಗೋಡೆಯ ಹಾಳೆಯನ್ನು ತೋರಿಸಿದರು. ಆ ಸಾಲಿನ ಮುಂದೆ ನಾನೇ ಗುರುತು ಹಾಕಿದೆ, ಹಾಳೆ ಹರಿಯುವಷ್ಟು ಒತ್ತಿ.

ಜೂನ್‌ನಲ್ಲಿ ಅವರನ್ನು ಕರೆಯಲಿಲ್ಲ.

ಮತ್ತೆ ಅವರನ್ನು ಕಂಡದ್ದು ಒಂದೇ ಸಲ, ನಾನು ಬಿ.ಎಸ್ಸಿ. ಓದುವಾಗ, ಗದಗ ಬಸ್‌ಸ್ಟ್ಯಾಂಡಿನಲ್ಲಿ. ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು, ಇನ್ನೂ ತೆಳ್ಳಗಾಗಿದ್ದರು. ಎಷ್ಟೋ ವರ್ಷದಿಂದ ಎದೆಯಲ್ಲಿಟ್ಟುಕೊಂಡದ್ದನ್ನು ನಾನು ಸಿಟ್ಟಿನಿಂದಲೇ ಕೇಳಿದೆ. "ಆವತ್ತ ಯಾಕ್ರಿ ನನ್ನ ಒಬ್ಬಾಕೀನ ಬಿಟ್ಟು ಕಿಟಕಿ ಕಡೆ ತಿರುಗಿದ್ರಿ?"

ಅವರು ನನ್ನ ಗಲ್ಲ ಹಿಡಿದರು. "ನನ್ನ ಮುಖ ನೋಡಿದ್ರ ನೀ ನನ್ನ ಉತ್ತರ ಹೇಳ್ತಿದ್ದಿ ಲೇ ಹುಚ್ಚಿ. ನನಗ ನೌಕರಿ ಬೇಕಾಗಿತ್ತು. ಅದು ಮಾರಿ ಮ್ಯಾಲ ಕಾಣ್ತಿತ್ತು." ಅಷ್ಟರಲ್ಲಿ ಅವರ ಬಸ್ಸು ಬಂತು...

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳುಗಳ ಮೇಲೆ. ಬೆಟಗೇರಿಯ ಮನೆಗೆ ಹೋದಾಗ ಅವರ ತಮ್ಮನ ಹೆಂಡತಿ ಚಹಾ ಕೊಟ್ಟು, "ಇದನ್ನ ಗುಜರಿಗೆ ಹಾಕಬೇಕಂತ ಮಾಡಿದ್ವಿರಿ. ನಿಮ್ಮ ಸಾಲಿಗೆ ಬೇಕಂದ್ರ ಒಯ್ರಿ," ಎಂದು ಸ್ಟೋವ್ ತಂದು ಮುಂದಿಟ್ಟರು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ನಿನ್ನೆ ನನ್ನ ಏಳನೆಯ ತರಗತಿಯ ಮಕ್ಕಳು ಅದೇ ಸ್ಟೋವಿನ ಸುತ್ತ ಕೂತಿದ್ದರು. ಪಿನ್ ಹಾಕಿ, ಪಂಪ್ ಹೊಡೆದು, ನೀರಿಟ್ಟೆ. ಕುದಿಯಿತು. ತೊಂಬತ್ತೆಂಟು. "ಅಕ್ಕೋರ, ಮೀಟರ್ ಸುಳ್ಳೈತ್ರಿ," ಎಂದು ಎಲ್ಲರೂ ಕೂಗಿದರು. "ಇರಬಹುದು," ಅಂದೆ. ಬರ್ಫವನ್ನು ಮೊದಲೇ ತರಿಸಿಟ್ಟಿದ್ದೆ, ಉಪ್ಪಿಲ್ಲದ್ದು. ಅದರಲ್ಲೂ ಇಟ್ಟು ನೋಡಿದರು. ಪಾದರಸ ಸೊನ್ನೆಗೇ ಬಂದು ನಿಂತಿತು. ಮುಂದಿನ ವಾರ ನಮ್ಮಲ್ಲಿಗೂ ಕಲಿಕಾ ಫಲದ ಪರೀಕ್ಷೆಗೆ ಬರುವವರಿದ್ದಾರೆ, ಮಕ್ಕಳಿಗೂ ಅದು ಗೊತ್ತು. ಎರಡು ಜಡೆಯ ಒಬ್ಬಳು ಎದ್ದು ನಿಂತಳು.

"ಅಕ್ಕೋರ, ಸಾಹೇಬ್ರು ಕೇಳಿದ್ರ ಏನನ್ನಬೇಕ್ರಿ? ನೂರೋ, ತೊಂಬತ್ತೆಂಟೋ?"

ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ಸ್ಟೋವ್ ಭುಸುಗುಡುತ್ತಿತ್ತು, ಕೋಣೆಯ ತುಂಬ ಚಿಮಣಿ ಎಣ್ಣೆಯ ವಾಸನೆ.

ನಾನು ಕಿಟಕಿಯ ಕಡೆ ತಿರುಗಿ ನಿಂತೆ.